ಸೈಕಲ್ಲಿಗೂ ಹೆಲ್ಮೆಟ್ ಬೇಕೇ? ರಿಂಗ್ ರಸ್ತೆಯಲ್ಲಿ ಬಿದ್ದವನ ಪ್ರಶ್ನೆ

ಜೇವರ್ಗಿ ರಸ್ತೆಯವ

ಎಲ್ಲರಿಗೂ ಶರಣು. ನಾನು ಕಲಬುರಗಿಯ ಜೇವರ್ಗಿ ರಸ್ತೆಯ ಬಡಾವಣೆಯೊಂದರಲ್ಲಿರುವ ನಲವತ್ತಾರು ವರ್ಷದ ಸರ್ಕಾರಿ ನೌಕರ. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದೀರಿ ಎಂದು ವೈದ್ಯರು ಹೇಳಿದಂದಿನಿಂದ, ಅಂದರೆ ಸುಮಾರು ಎರಡು ವರ್ಷದಿಂದ, ಬೆಳಗಿನ ಐದೂವರೆಗೆ ಸೈಕಲ್ ಹತ್ತಿ ರಿಂಗ್ ರಸ್ತೆಯ ಮೂಲಕ ಸೇಡಂ ರಸ್ತೆಗೆ ಸೇರಿ, ಬುದ್ಧ ವಿಹಾರದವರೆಗೆ ಹೋಗಿ ಮರಳುವುದು ನನ್ನ ರೂಢಿ. ಬೇಸಿಗೆಯಲ್ಲಿ ಕಚೇರಿ ಎಂಟಕ್ಕೇ ತೆರೆಯುವುದರಿಂದ ಇನ್ನೂ ಅರ್ಧ ಗಂಟೆ ಮೊದಲೇ ಹೊರಡುತ್ತೇನೆ.

ಮೂರು ವಾರಗಳ ಹಿಂದೆ ರಾತ್ರಿಯಿಡೀ ಮಳೆಯಾಗಿತ್ತು. ಹೊಲದಿಂದ ರಸ್ತೆಗೆ ಬಂದ ಟ್ರ್ಯಾಕ್ಟರುಗಳ ಗಾಲಿಯಿಂದ ಕಳಚಿ ಬಿದ್ದ ಎರೆಮಣ್ಣಿನ ಹೆಂಟೆಗಳು ತಿರುವೊಂದರಲ್ಲಿ ನೀರು ಕುಡಿದು, ಡಾಂಬರಿನ ಮೇಲೆ ತೆಳುವಾಗಿ ಹರಡಿಕೊಂಡಿದ್ದವು. ಮುಂದಿನ ಗಾಲಿ ಅದರ ಮೇಲೆ ಹೋದದ್ದಷ್ಟೇ ನನಗೆ ನೆನಪಿದೆ. ಎದುರಿಗೆ ಲಾರಿ ಇರಲಿಲ್ಲ, ನಾಯಿ ಅಡ್ಡ ಬರಲಿಲ್ಲ, ನನ್ನ ವೇಗ ಗಂಟೆಗೆ ಇಪ್ಪತ್ತು ಕಿಲೋಮೀಟರನ್ನೂ ದಾಟಿರಲಿಕ್ಕಿಲ್ಲ. ಮುಂದಿನದೆಲ್ಲ ಬೇರೆಯವರು ಹೇಳಿದ ಕಥೆ. ಹಾಲು ಹಾಕಲು ಹೊರಟಿದ್ದ ಹುಡುಗನೊಬ್ಬ ನನ್ನನ್ನು ಎಬ್ಬಿಸಿ ರಸ್ತೆಯ ಅಂಚಿನಲ್ಲಿ ಕೂರಿಸಿದನಂತೆ. ನಾನು ಪ್ಯಾಂಟು ಕೊಡವಿಕೊಂಡು, ‘ಏನೂ ಆಗಿಲ್ಲಪಾ’ ಎಂದು ಅವನಿಗೇ ಸಮಾಧಾನ ಹೇಳಿ, ‘ನನ್ನ ಸೈಕಲ್ ಎಲ್ಲದ?’ ಎಂದು ನಾಲ್ಕು ಸಲ ಕೇಳಿದೆನಂತೆ. ನಾಲ್ಕು ಸಲವೂ ಸೈಕಲ್ಲಿನ ಹ್ಯಾಂಡಲ್ ನನ್ನ ಕೈಯಲ್ಲೇ ಇತ್ತಂತೆ. ಆ ಹುಡುಗನ ಮೇಲೆ ಭಾರ ಹಾಕಬಾರದೆಂದು ಅಲ್ಲಿಂದ ನಡೆದೇ ಮನೆಗೆ ಬಂದು ಮಲಗಿಬಿಟ್ಟೆ. ದಿಂಬಿನ ಮೇಲೆ ರಕ್ತ ಕಂಡು ಮನೆಯವರು ಆಸ್ಪತ್ರೆಗೆ ಎಳೆದೊಯ್ದರು. ಬಲಗಿವಿಯ ಮೇಲೆ ಐದು ಹೊಲಿಗೆ ಬಿದ್ದವು, ಸಿಟಿ ಸ್ಕ್ಯಾನಿನಲ್ಲಿ ರಕ್ತಸ್ರಾವ ಕಾಣಲಿಲ್ಲ, ಒಂದು ರಾತ್ರಿ ನಿಗಾದಲ್ಲಿಟ್ಟು ಕಳಿಸಿದರು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ ಎಂದು ಬೇರೆಯಾಗಿ ಹೇಳಬೇಕಿಲ್ಲ.

ಈಗ ಮನೆಯಲ್ಲಿ ಎರಡು ಪಕ್ಷಗಳಾಗಿವೆ. ಸೈಕಲ್ಲನ್ನು ಮಾರಿಬಿಡಿ ಎನ್ನುವುದು ಹೆಂಡತಿಯ ಪಕ್ಷ. ಹೆಲ್ಮೆಟ್ ಕೊಳ್ಳುತ್ತೇನೆ ಎಂದು ನಾನು ಬಾಯಿ ತೆರೆದರೆ, ‘ಸೈಕಲ್ಲಿಗಿ ಯಾರ ಹೆಲ್ಮೆಟ್ ಹಾಕ್ಕೊಂತಾರ?’ ಎಂದು ನಗುವುದು ನನ್ನ ಸೋದರಮಾವನ ಪಕ್ಷ. ತಿಳಿದವರು ದಯವಿಟ್ಟು ಹೇಳಬೇಕು: ನನ್ನಂಥ ಸಾಧಾರಣ ವೇಗದ ಸವಾರನಿಗೆ ಹೆಲ್ಮೆಟ್ಟಿನಿಂದ ನಿಜವಾಗಿಯೂ ಉಪಯೋಗವಿದೆಯೇ, ಅಥವಾ ಅದು ಪಂದ್ಯದ ಸವಾರರ ವೇಷವೇ? ಮನೆಯಲ್ಲಿರುವ ಐಎಸ್‌ಐ ಗುರುತಿನ ಬೈಕಿನ ಹೆಲ್ಮೆಟ್ಟನ್ನೇ ಹಾಕಿಕೊಂಡರೆ ಆಗುವುದಿಲ್ಲವೇ? ಏಪ್ರಿಲ್, ಮೇ ತಿಂಗಳಿನಲ್ಲಿ ನಮ್ಮೂರಿನ ಬಿಸಿಲು ನಲವತ್ತು ಡಿಗ್ರಿ ದಾಟಿದಾಗ ತಲೆಯ ಮೇಲೆ ಅದನ್ನು ಹೊರಲು ಸಾಧ್ಯವೇ? ಒಂಬತ್ತನೆಯ ತರಗತಿಯ ನನ್ನ ಮಗ ಸಂಜೆ ಟ್ಯೂಷನ್ನಿಗೆ ಸೈಕಲ್ಲಿನಲ್ಲೇ ಹೋಗುತ್ತಾನೆ. ನಾನು ಬಿದ್ದಂದಿನಿಂದ ಅವನು ಮರಳಿ ಬಂದು ಗೇಟು ತೆರೆಯುವವರೆಗೆ ನನ್ನ ಕಿವಿ ಅತ್ತಲೇ ಇರುತ್ತದೆ.

ನಿವೃತ್ತ ವಿಜ್ಞಾನ ಮೇಷ್ಟ್ರು

ಮೊದಲಿಗೆ, ನೀವು ಬದುಕಿ ಬಂದು ಈ ಪ್ರಶ್ನೆ ಕೇಳುತ್ತಿರುವುದು ಸಂತೋಷದ ಸಂಗತಿ. ‘ಸಾಧಾರಣ ವೇಗದ ಸವಾರ’ ಎಂಬ ನಿಮ್ಮ ಮಾತಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಅಲ್ಲಿಯೇ. ಸೈಕಲ್ ಎಷ್ಟು ವೇಗದಲ್ಲಿತ್ತು ಎಂಬುದಕ್ಕಿಂತ ತಲೆ ಎಷ್ಟು ಎತ್ತರದಿಂದ ಬಿತ್ತು ಎಂಬುದು ಇಲ್ಲಿ ಮುಖ್ಯ. ಸೀಟಿನ ಮೇಲೆ ಕುಳಿತವನ ತಲೆ ನೆಲದಿಂದ ಕನಿಷ್ಠ ಒಂದೂವರೆ ಮೀಟರ್ ಮೇಲಿರುತ್ತದೆ. ಅಷ್ಟು ಎತ್ತರದಿಂದ ಬಿದ್ದ ಯಾವುದೇ ವಸ್ತು ನೆಲ ಮುಟ್ಟುವ ಹೊತ್ತಿಗೆ ಸೆಕೆಂಡಿಗೆ 5.4 ಮೀಟರ್, ಅಂದರೆ ಗಂಟೆಗೆ ಹತ್ತಿರ ಹತ್ತಿರ 20 ಕಿಲೋಮೀಟರ್ ವೇಗ ಪಡೆದಿರುತ್ತದೆ. ನಿಂತ ಸೈಕಲ್ಲಿನಿಂದ ಪಕ್ಕಕ್ಕೆ ಒರಗಿ ಬಿದ್ದರೂ, ಕೈ ಊರಲು ಸಮಯ ಸಿಗದಿದ್ದರೆ, ತಲೆಗೆ ಈ ಲೆಕ್ಕ ತಪ್ಪುವುದಿಲ್ಲ.

ನಾನು ಶಾಲೆಯಲ್ಲಿದ್ದಾಗ ಒಂಬತ್ತನೆಯ ತರಗತಿಯವರಿಗೆ ಒಂದು ಪ್ರಯೋಗ ಮಾಡಿಸುತ್ತಿದ್ದೆ. ಎರಡು ಕೋಳಿಮೊಟ್ಟೆಗಳಲ್ಲಿ ಒಂದನ್ನು ಟಿವಿ ಡಬ್ಬಿಯೊಳಗೆ ಬರುವ ಥರ್ಮೋಕೋಲಿನ ತುಂಡಿನಲ್ಲಿ ಗುಳಿ ಮಾಡಿ ಕೂರಿಸಿ, ಇನ್ನೊಂದನ್ನು ಬರಿದಾಗಿಯೇ, ಶಹಾಬಾದ್ ಫರಸಿ ಹಾಸಿದ ವರಾಂಡದ ಮೇಲೆ ಬೀಳಿಸುವುದು. (ಹೆಡ್‌ಮಾಸ್ತರರು ಫರಸಿ ತೊಳೆಯುವ ಕೆಲಸವನ್ನು ನನಗೇ ವಹಿಸಿದ ಮೇಲೆ ಪ್ರಯೋಗ ವರ್ಷಕ್ಕೊಮ್ಮೆಗೆ ಇಳಿಯಿತು.) ಸೈಕಲ್ ಹೆಲ್ಮೆಟ್ಟಿನ ಒಳಗಿರುವುದು ಅದೇ ಥರ್ಮೋಕೋಲಿನ ಒಡಹುಟ್ಟು; ಇನ್ನಷ್ಟು ಗಟ್ಟಿಯಾದ, ಬಿಗಿಯಾದ ಪಾಲಿಸ್ಟೈರೀನ್ ನೊರೆ. ಅದು ಕಬ್ಬಿಣದಂತೆ ಏಟನ್ನು ತಡೆಯುವುದಿಲ್ಲ, ತಾನು ಅಪ್ಪಚ್ಚಿಯಾಗುತ್ತ ತಲೆ ನಿಲ್ಲಲು ಒಂದಿಷ್ಟು ದೂರವನ್ನು ಒದಗಿಸುತ್ತದೆ. ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿದರೆ, ತಲೆಯ ಮೇಲೆ ಬೀಳುವ ಏಟಿನ ಸರಾಸರಿ ಬಲ ಗುರುತ್ವದ ಎಷ್ಟು ಪಟ್ಟು ಎಂಬುದು ಸಿಗುತ್ತದೆ. ಬರಿದಲೆ ಡಾಂಬರಿಗೆ ಬಡಿದು ಮೂರು ಮಿಲಿಮೀಟರಿನೊಳಗೆ ನಿಂತಿತು ಎಂದುಕೊಳ್ಳಿ, 500 ಪಟ್ಟು. ನೊರೆ ಎರಡು ಸೆಂಟಿಮೀಟರ್ ಕುಗ್ಗಿ ನಿಲ್ಲಿಸಿದರೆ 75 ಪಟ್ಟು. ಕಾಗದದ ಮೇಲಿನ ಲೆಕ್ಕ ಇದು, ನಿಜವಾದ ಬೀಳುವಿಕೆ ಇಷ್ಟು ಸರಳವಲ್ಲ. ಆದರೂ ಬೆರಳಿನ ದಪ್ಪದ ನೊರೆಗೆ ಇಷ್ಟೊಂದು ಬೆಲೆ ಏಕೆ ಎಂಬುದು ಇದರಿಂದ ತಿಳಿಯುತ್ತದೆ.

ಯುರೋಪಿನ ಸೈಕಲ್ ಹೆಲ್ಮೆಟ್ ಮಾನದಂಡವಾದ ಇಎನ್ 1078 ರಲ್ಲಿ ಪರೀಕ್ಷೆ ನಡೆಯುವುದು ಇದೇ ಸುಮಾರು ಒಂದೂವರೆ ಮೀಟರ್ ಎತ್ತರದಿಂದ, ಮಿತಿ 250 ಪಟ್ಟು. ಅಮೆರಿಕದ ಸಿಪಿಎಸ್‌ಸಿ ಮಾನದಂಡ ಎರಡು ಮೀಟರಿನಿಂದ ಬೀಳಿಸಿ 300 ಪಟ್ಟಿನ ಮಿತಿ ಇಡುತ್ತದೆ. ಕೊಳ್ಳುವಾಗ ಒಳಗಿನ ಚೀಟಿಯ ಮೇಲೆ ಇವೆರಡರಲ್ಲಿ ಒಂದಾದರೂ ಇದೆಯೇ ಎಂದು ನೋಡಿರಿ. ಬೈಕಿನ ಹೆಲ್ಮೆಟ್ಟಿನ ಮೇಲಿರುವ ಐಎಸ್ 4151 ಎಂಬ ಭಾರತೀಯ ಮಾನದಂಡ ಮೋಟಾರು ದ್ವಿಚಕ್ರ ಸವಾರರಿಗಾಗಿ ಮಾಡಿದ್ದು. ಬೇರೇನೂ ಇಲ್ಲದ ದಿನ ಅದನ್ನು ಧರಿಸಿದರೆ ತಪ್ಪೇನಿಲ್ಲ. ಆದರೆ ಒಂದು ಕಿಲೋ ಆಸುಪಾಸಿನ, ಗಾಳಿಯಾಡದ, ಕಿವಿ ಮುಚ್ಚುವ ಆ ಹೆಲ್ಮೆಟ್ಟನ್ನು ಹಾಕಿಕೊಂಡು ಪೆಡಲು ತುಳಿಯುವವರು ಒಂದು ವಾರದ ನಂತರ ಅದನ್ನು ಗೂಟಕ್ಕೆ ನೇತುಹಾಕುತ್ತಾರೆ, ಗೂಟದಲ್ಲಿರುವ ಹೆಲ್ಮೆಟ್ ಗೋಡೆಯನ್ನಷ್ಟೇ ಕಾಯುತ್ತದೆ. ಸೈಕಲ್ಲಿನದು 250 ರಿಂದ 350 ಗ್ರಾಮಿನೊಳಗೆ ಇರುತ್ತದೆ, ಮೇಲೆ ಗಾಳಿಕಂಡಿಗಳಿರುತ್ತವೆ.

ಬಿಸಿಲಿನ ತಕರಾರು ನಿಮ್ಮೊಬ್ಬರದಲ್ಲ. 1991 ರಲ್ಲಿ ಪ್ಯಾರಿಸ್–ನೀಸ್ ಪಂದ್ಯದಲ್ಲಿ ಹೆಲ್ಮೆಟ್ ಕಡ್ಡಾಯವೆಂದಾಗ ವೃತ್ತಿಪರ ಸವಾರರೇ ಮುಷ್ಕರ ಹೂಡಿ ನಿಯಮವನ್ನು ಹಿಂದಕ್ಕೆ ತಳ್ಳಿದ್ದರು, ಸೆಖೆಯೂ ಅವರ ತಕರಾರುಗಳಲ್ಲಿ ಒಂದಾಗಿತ್ತು. 2003 ರ ಮಾರ್ಚಿನಲ್ಲಿ ಅದೇ ಪಂದ್ಯದಲ್ಲಿ ಕಜಾಕಸ್ತಾನದ ಆಂದ್ರೇ ಕಿವಿಲೆವ್ ಹೆಲ್ಮೆಟ್ಟಿಲ್ಲದೆ ಬಿದ್ದು ಮರುದಿನ ತೀರಿಕೊಂಡ ಮೇಲೆ, ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಅದೇ ವರ್ಷ ಕಡ್ಡಾಯ ಮಾಡಿತು. ಆಗಲೂ ಕೊನೆಯ ದೊಡ್ಡ ಏರಿನಲ್ಲಿ ತೆಗೆದುಹಾಕಲು ಕೆಲಕಾಲ ರಿಯಾಯಿತಿ ಇತ್ತು. ನಮಗೆ ಏರು ಎಂದರೆ ರೈಲ್ವೆ ಮೇಲ್ಸೇತುವೆ ಮಾತ್ರ, ಆದ್ದರಿಂದ ಆ ರಿಯಾಯಿತಿ ಬೇಡ.

ರಾತ್ರಿ ಪಾಳಿಯ ಸಿಸ್ಟರ್

ಅಣ್ಣನವರೇ, ನಾನು ಅಪಘಾತ ವಿಭಾಗದಲ್ಲಿ ಹನ್ನೊಂದು ವರ್ಷ ಶುಶ್ರೂಷಕಿಯಾಗಿ ಕೆಲಸ ಮಾಡಿದವಳು. ಹೆಲ್ಮೆಟ್ಟಿನ ವಿಷಯವನ್ನು ಮೇಷ್ಟ್ರು ಚೆನ್ನಾಗಿ ವಿವರಿಸಿದ್ದಾರೆ. ನನ್ನನ್ನು ನಿಜವಾಗಿ ಹೆದರಿಸಿದ್ದು ನಿಮ್ಮ ಬರಹದ ಒಂದು ಸಣ್ಣ ವಾಕ್ಯ: ‘ನಡೆದೇ ಮನೆಗೆ ಬಂದು ಮಲಗಿಬಿಟ್ಟೆ.’

ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ಬಿದ್ದ ಗಳಿಗೆ ನೆನಪಾಗದಿರುವುದು, ಇವು ಮಿದುಳು ಅಲುಗಾಡಿದ್ದರ ಗುರುತುಗಳು. ಅಂಥ ಹೊತ್ತಿನಲ್ಲಿ ‘ಏನೂ ಆಗಿಲ್ಲ’ ಎಂದು ಹೇಳುವ ಅಧಿಕಾರ ಗಾಯಗೊಂಡವರಿಗೆ ಇರುವುದಿಲ್ಲ, ಏಕೆಂದರೆ ತೀರ್ಪು ಕೊಡಬೇಕಾದ ಮಿದುಳೇ ಪೆಟ್ಟು ತಿಂದಿರುತ್ತದೆ. ತಲೆಬುರುಡೆಗೂ ಮಿದುಳಿನ ಹೊರಪದರಕ್ಕೂ ನಡುವೆ ರಕ್ತನಾಳ ಹರಿದರೆ, ಕೆಲವರು ಎದ್ದು ಕುಳಿತು ಚಹಾ ಕುಡಿದು ಸರಿಯಾಗಿಯೇ ಮಾತನಾಡುತ್ತಾರೆ. ಒಳಗೆ ರಕ್ತ ಶೇಖರವಾಗುತ್ತಾ ಹೋಗಿ, ಕೆಲವು ಗಂಟೆಗಳ ನಂತರ ಒಮ್ಮೆಲೇ ಪ್ರಜ್ಞೆ ತಪ್ಪುತ್ತದೆ. ಈ ನಡುವಿನ ಚೆನ್ನಾಗಿರುವ ಗಂಟೆಗಳೇ ಮನೆಯವರನ್ನು ಮೋಸಗೊಳಿಸುತ್ತವೆ. ವಿಶೇಷವಾಗಿ ಕಿವಿಯ ಮೇಲ್ಭಾಗದ, ಕಪಾಲದ ಪಕ್ಕದ ಎಲುಬು ತೆಳುವಾದದ್ದು, ಅದರ ಒಳಮೈಯಲ್ಲೇ ದೊಡ್ಡ ರಕ್ತನಾಳವೊಂದು ಹಾದುಹೋಗುತ್ತದೆ. ನಿಮಗೆ ಹೊಲಿಗೆ ಬಿದ್ದ ಜಾಗವೂ ಅದರ ಹತ್ತಿರದ್ದೇ.

ಆದ್ದರಿಂದ ಮನೆಯಲ್ಲಿ ಎಲ್ಲರಿಗೂ ತಿಳಿಸಿಡಿ. ತಲೆಗೆ ಪೆಟ್ಟಾದವರಿಗೆ ಮತ್ತೆ ಮತ್ತೆ ವಾಂತಿಯಾದರೆ, ತಲೆನೋವು ಕಡಿಮೆಯಾಗುವ ಬದಲು ಏರುತ್ತಾ ಹೋದರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಒಂದು ಕೈಯೋ ಕಾಲೋ ಸೋತರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಮೂಗಿನಿಂದಲೋ ಕಿವಿಯಿಂದಲೋ ರಕ್ತ ಅಥವಾ ನೀರಿನಂಥ ದ್ರವ ಇಳಿದರೆ, ಬೆಳಗಾಗಲಿ ಎಂದು ಕಾಯದೆ 108 ಕ್ಕೆ ಕರೆ ಮಾಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ಹೃದ್ರೋಗಿಗಳು ಈ ಯಾವ ಲಕ್ಷಣ ಇಲ್ಲದಿದ್ದರೂ ತೋರಿಸಿಕೊಳ್ಳಬೇಕು. ತಲೆಗೆ ಪೆಟ್ಟಾದವರು ಮಲಗಲೇಬಾರದು ಎಂದು ನಮ್ಮ ಕಡೆ ಹೇಳುತ್ತಾರೆ. ಅಪಾಯ ನಿದ್ರೆಯಲ್ಲಿಲ್ಲ, ಎಬ್ಬಿಸಿದರೂ ಏಳದಿರುವ ಮಂಪರನ್ನು ಮನೆಯವರು ನಿದ್ರೆ ಎಂದು ತಿಳಿದುಕೊಳ್ಳುವುದರಲ್ಲಿದೆ.

ಆ ಹಾಲಿನ ಹುಡುಗ ಸಿಕ್ಕರೆ ಒಂದು ಮಾತು ಹೇಳಿ. ಗಾಯಗೊಂಡವರನ್ನು ಆಸ್ಪತ್ರೆಗೆ ಕರೆತಂದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾಗುತ್ತದೆ ಎಂಬ ಭಯ ಇನ್ನೂ ಹೋಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019 ರಲ್ಲಿ ಸೇರಿಸಿದ 134ಎ ಕಲಮು ಅಂಥ ಸಹಾಯಕನಿಗೆ ರಕ್ಷಣೆ ಕೊಡುತ್ತದೆ, ಅವನ ಹೆಸರು ವಿಳಾಸ ಹೇಳುವಂತೆ ಒತ್ತಾಯಿಸುವಂತಿಲ್ಲ. ಇನ್ನು, ಹೆಲ್ಮೆಟ್ ತೊಟ್ಟವರು ಬಿದ್ದು ಕುತ್ತಿಗೆ ನೋಯುತ್ತಿದೆ ಎಂದರೆ ಅದನ್ನು ಗಡಿಬಿಡಿಯಲ್ಲಿ ಎಳೆದು ತೆಗೆಯಬೇಡಿ. ಉಸಿರಾಟ ಸರಿಯಾಗಿದ್ದರೆ ಹಾಗೆಯೇ ಅಲುಗದಂತೆ ಇರಿಸಿ, ಬಂದವರು ತೆಗೆಯುತ್ತಾರೆ.

ಸ್ಟ್ರಾಪು ಸಡಿಲವಾಗಿದ್ದ ಹೆಲ್ಮೆಟ್ಟುಗಳು ಗಾಯಾಳುವಿಗಿಂತ ಮೊದಲೇ ಪಕ್ಕದ ಗಟಾರ ಸೇರಿರುತ್ತವೆ. ಸಂಬಂಧಿಕರು ಅದನ್ನು ಕೈಯಲ್ಲಿ ಹಿಡಿದು, ‘ಹಾಕ್ಕೊಂಡಿದ್ನಲ್ರೀ ಸಿಸ್ಟರ್’ ಎಂದು ತೋರಿಸಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಆಳಂದದ ಹಳೇ ಸವಾರ

ಎಲ್ಲರೂ ಒಂದೇ ದಿಕ್ಕಿಗೆ ಮಾತನಾಡುತ್ತಿರುವುದರಿಂದ ಎದುರು ಮಾತನ್ನು ನಾನು ಆಡುತ್ತೇನೆ. ನಾನು ಹುಡುಗನಾಗಿದ್ದಾಗಿನಿಂದ ಇಂದಿನವರೆಗೆ ಸೈಕಲ್ ಬಿಟ್ಟವನಲ್ಲ. ಕಪ್ಪು ಸೈಕಲ್ಲಿನ ಕ್ಯಾರಿಯರಿಗೆ ತೊಗರಿಯ ಚೀಲ ಕಟ್ಟಿ, ತಲೆಗೆ ರುಮಾಲು ಸುತ್ತಿ ಸಂತೆಗೆ ಹೋದವರ ಊರು ನಮ್ಮದು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ, ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರುಗಳೂ, ಸಿಮೆಂಟ್ ಕಾರ್ಖಾನೆಗಳ ಕಡೆಯಿಂದ ಬರುವ ಬಲ್ಕರು ಎಂಬ ಟ್ಯಾಂಕರ್ ಲಾರಿಗಳೂ ಅಂಚು ಒಡೆದ ರಸ್ತೆಯಲ್ಲಿ ನಮ್ಮನ್ನು ಮಣ್ಣಿಗೆ ತಳ್ಳುತ್ತಿರುವಾಗ, ಸಾವಿರ ರೂಪಾಯಿಯ ನೊರೆಯ ಟೊಪ್ಪಿಗೆಯನ್ನು ಕೊಂಡುಕೋ ಎಂದು ಸೈಕಲ್ಲಿನವನಿಗೇ ಬುದ್ಧಿ ಹೇಳುವುದು ನನಗೆ ಸರಿ ಕಾಣುವುದಿಲ್ಲ. ಬಲ್ಕರಿನ ಗಾಲಿಯ ಕೆಳಗೆ ನಿಮ್ಮ 250 ಪಟ್ಟು, 300 ಪಟ್ಟು ಯಾವುದೂ ನಡೆಯುವುದಿಲ್ಲ.

ನೆದರ್ಲೆಂಡ್ಸಿನಲ್ಲಿ ಮಕ್ಕಳಿಂದ ಮುದುಕರವರೆಗೆ ಎಲ್ಲರೂ ಸೈಕಲ್ ತುಳಿಯುತ್ತಾರೆ, ಪಂದ್ಯದವರನ್ನು ಬಿಟ್ಟರೆ ಹೆಲ್ಮೆಟ್ ಹಾಕುವವರು ವಿರಳ. 1970 ರ ದಶಕದಲ್ಲಿ ಅಲ್ಲಿಯೂ ಕಾರುಗಳಿಗೆ ಸಿಕ್ಕಿ ಮಕ್ಕಳು ಸಾಯುತ್ತಿದ್ದರು. ಆಗ ತಂದೆತಾಯಿಗಳು ಬೀದಿಗಿಳಿದು, ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದು ಚಳವಳಿ ನಡೆಸಿದರು. ಅವರು ಕೇಳಿದ್ದು ಟೊಪ್ಪಿಗೆಯನ್ನಲ್ಲ, ಬೇರೆ ದಾರಿಯನ್ನು. ಅದು ಸಿಕ್ಕಿತು.

ಇನ್ನೊಂದು ಸಂಗತಿ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಇಯಾನ್ ವಾಕರ್ ತನ್ನ ಸೈಕಲ್ಲಿಗೆ ಅಳತೆಯ ಯಂತ್ರ ಕಟ್ಟಿಕೊಂಡು, ತನ್ನನ್ನು ದಾಟಿ ಹೋದ ಎರಡು ಸಾವಿರಕ್ಕೂ ಹೆಚ್ಚು ವಾಹನಗಳ ಅಂತರವನ್ನು ದಾಖಲಿಸಿ 2007 ರಲ್ಲಿ ಪ್ರಕಟಿಸಿದರು. ಹೆಲ್ಮೆಟ್ ಹಾಕಿದ್ದಾಗ ವಾಹನಗಳು ಸರಾಸರಿ 8.5 ಸೆಂಟಿಮೀಟರ್ ಹೆಚ್ಚು ಹತ್ತಿರದಿಂದ ಹಾದುಹೋದವು, ಉದ್ದ ಕೂದಲಿನ ವಿಗ್ ಹಾಕಿದಾಗ ಇನ್ನಷ್ಟು ದೂರ ಸರಿದವು. ಹಾಗಾದರೆ ನಾವೆಲ್ಲ ಜಡೆ ಕಟ್ಟಿಕೊಳ್ಳೋಣವೇ?

ಮೋಟಾರು ವಾಹನ ಕಾಯ್ದೆಯ 129 ನೆಯ ಕಲಮು ಹೆಲ್ಮೆಟ್ ಕೇಳುವುದು ಮೋಟಾರ್ ಸೈಕಲ್ಲಿನವರಿಂದ. ನಮ್ಮ ಸೈಕಲ್ಲಿಗೆ ಆ ಕಾನೂನು ಇಲ್ಲ, ಬರುವುದೂ ಬೇಡ. ನಾಳೆ ಒಬ್ಬ ಗೌಂಡಿ ಸೈಕಲ್ಲಿನಲ್ಲಿ ಹೋಗುವಾಗ ಹಿಂದಿನಿಂದ ಕಾರು ಗುದ್ದಿದರೆ, ಮೊದಲ ಪ್ರಶ್ನೆ ‘ಹೆಲ್ಮೆಟ್ ಯಾಕೆ ಹಾಕಿರಲಿಲ್ಲ’ ಎಂದಾಗುತ್ತದೆ. ನನ್ನ ಸಿಟ್ಟು ಆ ಪ್ರಶ್ನೆಯ ಮೇಲೆ.

ನಿವೃತ್ತ ವಿಜ್ಞಾನ ಮೇಷ್ಟ್ರು

ಆಳಂದದವರ ಸಿಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನಾನೂ ಹಂಚಿಕೊಳ್ಳುತ್ತೇನೆ. ಕಾನೂನು ಬೇಡ ಎಂಬುದರಲ್ಲೂ ನನಗೆ ತಕರಾರಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 1990 ರ ಜುಲೈ 1 ರಿಂದ ಎಲ್ಲ ಸೈಕಲ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ತಲೆಯ ಗಾಯಗಳು ಕಡಿಮೆಯಾದದ್ದು ಹೆಲ್ಮೆಟ್ಟಿನಿಂದಲೋ ಅಥವಾ ಸೈಕಲ್ ತುಳಿಯುವವರೇ ಕಡಿಮೆಯಾದದ್ದರಿಂದಲೋ ಎಂಬ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ. ಆದರೆ ಕಾನೂನು ಬೇಕೇ ಎಂಬುದು ಒಂದು ಪ್ರಶ್ನೆ, ಬಿದ್ದ ತಲೆಯ ಮೇಲೆ ಹೆಲ್ಮೆಟ್ ಇದ್ದರೆ ಏನಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ. ನಮ್ಮ ಗೆಳೆಯರು ಕೇಳಿದ್ದು ಎರಡನೆಯದನ್ನು.

ಅದಕ್ಕೆ ಉತ್ತರವನ್ನು ಅಂಕಿಗಳಲ್ಲಿ ಹೇಳುವುದಾದರೆ, 1989 ರಲ್ಲಿ ಅಮೆರಿಕದ ಸಿಯಾಟಲ್‌ನ ಆಸ್ಪತ್ರೆಗಳಿಗೆ ಬಂದ ಸವಾರರ ಅಧ್ಯಯನವೊಂದು ತಲೆಗಾಯದ ಅಪಾಯ ಶೇಕಡಾ 85 ರಷ್ಟು ತಗ್ಗುತ್ತದೆ ಎಂದು ಹೇಳಿತ್ತು. ಹೆಲ್ಮೆಟ್ ಮಾರುವವರು ಇಂದಿಗೂ ಆ ಅಂಕಿಯನ್ನೇ ಹಿಡಿದುಕೊಂಡಿದ್ದಾರೆ. ಅದು ಅತಿಯಾಯಿತು ಎಂದೇ ನನ್ನ ಅಭಿಪ್ರಾಯ. ಅನೇಕ ದೇಶಗಳ, ಒಟ್ಟು 64,000 ಕ್ಕೂ ಹೆಚ್ಚು ಗಾಯಾಳುಗಳ ಮಾಹಿತಿಯನ್ನು ಒಟ್ಟುಗೂಡಿಸಿ ಆಸ್ಟ್ರೇಲಿಯಾದ ಸಂಶೋಧಕರಾದ ಒಲಿವಿಯರ್ ಮತ್ತು ಕ್ರೈಟನ್ ಮಾಡಿದ ವಿಶ್ಲೇಷಣೆಯ ಪ್ರಕಾರ, ಹೆಲ್ಮೆಟ್ ತೊಟ್ಟವರಲ್ಲಿ ತಲೆಗಾಯದ ಸಂಭವ ಶೇಕಡಾ 51, ಗಂಭೀರ ತಲೆಗಾಯದ ಸಂಭವ ಶೇಕಡಾ 69, ಸಾವಿಗೆ ಕಾರಣವಾಗುವ ತಲೆಗಾಯದ ಸಂಭವ ಶೇಕಡಾ 65 ರಷ್ಟು ಕಡಿಮೆ. ಮುಖದ ಗಾಯ ಮೂರನೆಯ ಒಂದು ಭಾಗದಷ್ಟೇ ತಗ್ಗಿತು, ಏಕೆಂದರೆ ಹೆಲ್ಮೆಟ್ ಗದ್ದವನ್ನು ಮುಚ್ಚುವುದಿಲ್ಲ. ವಾಕರ್ ಅವರ ಅಳತೆಗಳನ್ನು ಇದೇ ಒಲಿವಿಯರ್ ಮತ್ತೊಬ್ಬರೊಡನೆ ಸೇರಿ 2013 ರಲ್ಲಿ ಮರುಪರಿಶೀಲಿಸಿದಾಗ, ಒಂದು ಮೀಟರಿಗಿಂತ ಹತ್ತಿರದ ಅಪಾಯಕಾರಿ ದಾಟುವಿಕೆಗೂ ಹೆಲ್ಮೆಟ್ಟಿಗೂ ಸಂಬಂಧ ಕಾಣಲಿಲ್ಲ. ಆ ಪ್ರಯೋಗದ ನಡುವೆ ವಾಕರ್ ಅವರಿಗೆ ಒಮ್ಮೆ ಬಸ್ಸು, ಒಮ್ಮೆ ಲಾರಿ ತಗುಲಿತು, ಎರಡು ಸಲವೂ ಅವರ ತಲೆಯ ಮೇಲೆ ಹೆಲ್ಮೆಟ್ ಇತ್ತು. ಇದರಿಂದ ಯಾವ ಪಕ್ಷಕ್ಕೆ ಬಲ ಬರುತ್ತದೆಯೋ ಆಳಂದದವರೇ ಹೇಳಲಿ.

ಬಲ್ಕರಿನ ಕೆಳಗೆ ಹೆಲ್ಮೆಟ್ ನಡೆಯುವುದಿಲ್ಲ, ಒಪ್ಪಿದೆ. ಆದರೆ ನಮ್ಮ ಗೆಳೆಯರು ಬಿದ್ದದ್ದು ಬಲ್ಕರಿನ ಕೆಳಗಲ್ಲ, ಎರೆಮಣ್ಣಿನ ಮೇಲೆ.

ಯಾದಗಿರಿ ಶಿಕ್ಷಕಿ

ನಡುವೆ ಬಾಯಿ ಹಾಕುತ್ತಿದ್ದೇನೆ. 2006–07 ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ, ಮೂರು ನಾಲ್ಕು ಕಿಲೋಮೀಟರ್ ದೂರದ ಹಳ್ಳಿಗಳ ಹೆಣ್ಣುಮಕ್ಕಳು ಶಾಲೆ ಬಿಡದೆ ಬಂದದ್ದನ್ನು ಕಣ್ಣಾರೆ ಕಂಡವಳು ನಾನು. ಸೈಕಲ್ಲಿನ ಜೊತೆ ಹೆಲ್ಮೆಟ್ ಕೊಡಬೇಕೆಂಬ ಯೋಚನೆ ಆಗ ನಮಗ್ಯಾರಿಗೂ ಬಂದಿರಲಿಲ್ಲ. ಈಗ ನನ್ನ ಮಗಳಿಗೆ ಕೊಳ್ಳಬೇಕೆಂದಿದ್ದೇನೆ. ಆದರೆ ಎರಡು ಜಡೆ ಹೆಣೆದು ಮೇಲಕ್ಕೆ ಮಡಚಿ ರಿಬ್ಬನ್ ಕಟ್ಟುವುದು ಅವಳ ಶಾಲೆಯ ನಿಯಮ. ಅದರ ಮೇಲೆ ಹೆಲ್ಮೆಟ್ ಕೂರುವುದೇ ಇಲ್ಲ. ಒಂದು ಅಳತೆ ದೊಡ್ಡದನ್ನು ಕೊಂಡರೆ ಆಗುತ್ತದೆಯೇ?

ಸೈಕಲ್ ಟ್ಯಾಕ್ಸಿಯ ಮಗ

ಮೇಡಂ, ದೊಡ್ಡದನ್ನು ಖಂಡಿತ ಕೊಳ್ಳಬೇಡಿ. ನಮ್ಮ ತಂದೆ ಸೂಪರ್ ಮಾರ್ಕೆಟ್ಟಿನ ಹತ್ತಿರ ಗಂಟೆಯ ಲೆಕ್ಕದಲ್ಲಿ ಸೈಕಲ್ ಬಾಡಿಗೆ ಕೊಡುವ ಅಂಗಡಿ ಇಟ್ಟಿದ್ದರು, ಆಗ ಅದನ್ನು ಸೈಕಲ್ ಟ್ಯಾಕ್ಸಿ ಎನ್ನುತ್ತಿದ್ದರು. ಈಗ ನಾನು ಅಲ್ಲಿಯೇ ಸೈಕಲ್ ಮಾರುತ್ತೇನೆ, ರಿಪೇರಿಯನ್ನೂ ಮಾಡುತ್ತೇನೆ. ‘ಬೆಳೆಯುವ ಹುಡುಗ, ಎರಡು ವರ್ಷ ಬರಲಿ’ ಎಂದು ಬಟ್ಟೆಯಂತೆ ಹೆಲ್ಮೆಟ್ಟನ್ನೂ ದೊಡ್ಡದಾಗಿ ಕೇಳುವ ತಂದೆತಾಯಿಗಳಿಗೆ ನಾನು ಮಾರುವುದೇ ಇಲ್ಲ. ಅಳತೆ ಪಟ್ಟಿಯನ್ನು ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು ತಲೆಯ ಸುತ್ತ ಹಿಡಿದು, ಎಷ್ಟು ಸೆಂಟಿಮೀಟರ್ ಬರುತ್ತದೆಯೋ ಆ ಅಳತೆಯದನ್ನೇ ಕೊಳ್ಳಬೇಕು. ಜಡೆಯನ್ನು ಕುತ್ತಿಗೆಯ ಹತ್ತಿರ ಕೆಳಕ್ಕೆ ಹೆಣೆದರೆ ಹೆಲ್ಮೆಟ್ ಸರಿಯಾಗಿ ಕೂರುತ್ತದೆ. ರಿಬ್ಬನ್ನನ್ನು ಶಾಲೆಯ ಗೇಟಿನಲ್ಲಿ ಮೇಲಕ್ಕೆ ಕಟ್ಟಿಕೊಳ್ಳಲಿ, ಆ ನಿಯಮ ಮಾಡಿದವರು ಸೈಕಲ್ ತುಳಿದವರಲ್ಲ.

ಹೆಲ್ಮೆಟ್ ಹಣೆಯ ಮೇಲೆ ಸಮವಾಗಿ ಕೂರಬೇಕು. ಸಿನಿಮಾ ಹೀರೊನ ಟೋಪಿಯಂತೆ ಹಿಂದಕ್ಕೆ ಜಾರಿಸಿದರೆ, ಮೊದಲು ನೆಲ ಮುಟ್ಟುವ ಹಣೆಯೇ ಬರಿದಾಗುತ್ತದೆ. ಹಿಂದಿನ ತಿರುಗುಗುಂಡಿಯನ್ನು ಬಿಗಿ ಮಾಡಿ, ಎರಡೂ ಕಡೆಯ ಪಟ್ಟಿಗಳು ಕಿವಿಯ ಕೆಳಗೆ ಕೂಡುವಂತೆ ಸರಿಪಡಿಸಿ, ಗದ್ದದ ಕೆಳಗೆ ಒಂದೆರಡು ಬೆರಳು ಮಾತ್ರ ಹಿಡಿಸುವಷ್ಟು ಜಾಗ ಬಿಡಿ. ಆಮೇಲೆ ದೊಡ್ಡದಾಗಿ ಆಕಳಿಸಿ ನೋಡಿ, ಹೆಲ್ಮೆಟ್ ತಲೆಯನ್ನು ಕೆಳಕ್ಕೆ ಜಗ್ಗಿದಂತಾದರೆ ಸರಿಯಿದೆ. ಬೆವರಿಗೆ ಒಳಗೆ ತೆಳುವಾದ ದಸ್ತಿ ಕಟ್ಟಿಕೊಳ್ಳಬಹುದು, ಗಂಟು ಹಾಕಿದ ದಪ್ಪ ಟವೆಲ್ ಬೇಡ. ಮಕ್ಕಳು ಜಾರುಬಂಡಿ, ಜೋಕಾಲಿ ಆಡುವಾಗ ಮಾತ್ರ ಹೆಲ್ಮೆಟ್ಟನ್ನು ತೆಗೆಯಿಸಬೇಕು, ಕಂಬಿಗಳ ನಡುವೆ ಅದು ಸಿಕ್ಕಿಕೊಂಡು ಪಟ್ಟಿ ಕುತ್ತಿಗೆಯನ್ನು ಬಿಗಿದ ಪ್ರಸಂಗಗಳಿವೆ. ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಗುರುತಿರುವ ಹೆಲ್ಮೆಟ್ ಸಿಗುತ್ತದೆ. ಸಂತೆಯಲ್ಲಿ ಸಿಗುವ, ಒಳಗೆ ಬರೀ ಸ್ಪಂಜು ಅಂಟಿಸಿದ ಪ್ಲಾಸ್ಟಿಕ್ ಚಿಪ್ಪು ಅದಲ್ಲ. ಹೆಬ್ಬೆರಳಿನಿಂದ ಒತ್ತಿದರೆ ಒಳಮೈ ಮೆತ್ತಗೆ ಹೋಗಿ ಮತ್ತೆ ಉಬ್ಬಿ ಬಂದರೆ ಕೈ ಬಿಡಿ.

ಒಮ್ಮೆ ಬಿದ್ದು ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮುಗಿಯಿತು, ಒಳಗಿನ ನೊರೆ ಒಂದು ಸಲ ಕುಗ್ಗಿದರೆ ಮತ್ತೆ ಏಳುವುದಿಲ್ಲ. ನಮ್ಮೂರಿನ ಬಿಸಿಲಿನಲ್ಲಿ ಮುಚ್ಚಿದ ಕಾರಿನ ಗಾಜಿನ ಕೆಳಗೆ ಅದನ್ನು ಇಡಬೇಡಿ, ಪೇಂಟು ಹಚ್ಚಬೇಡಿ, ಥಿನ್ನರಿನಿಂದ ಒರೆಸಬೇಡಿ. ಹಳೆಯದನ್ನು ತಮ್ಮನಿಗೋ ಆಳಿಗೋ ದಾನ ಮಾಡುವ ಮೊದಲು ಅದು ಬಿದ್ದಿತ್ತೇ ಎಂದು ನೆನಪಿಸಿಕೊಳ್ಳಿ.

ಇನ್ನು ನನ್ನ ಕಸುಬಿನ ಮಾತು. ನನ್ನ ಅಂಗಡಿಗೆ ಬಾಗಿದ ಹ್ಯಾಂಡಲ್ ತರುವವರಲ್ಲಿ ಲಾರಿ ಗುದ್ದಿದವರು ಕಡಿಮೆ, ತಾವಾಗಿಯೇ ಬಿದ್ದವರು ಹೆಚ್ಚು. ಹ್ಯಾಂಡಲ್ಲಿಗೆ ತೂಗುಹಾಕಿದ ಕೈಚೀಲ ಓಲಾಡಿ ಮುಂದಿನ ಗಾಲಿಯ ಕಡ್ಡಿಗಳಿಗೆ ಸಿಕ್ಕು ಬಿದ್ದವರು, ದುಪಟ್ಟಾ ಅಥವಾ ಸೀರೆಯ ಸೆರಗು ಚೈನಿಗೆ ಸುತ್ತಿಕೊಂಡು ಬಿದ್ದವರು, ರೈಲ್ವೆ ಹಳಿಯನ್ನು ಅಡ್ಡಡ್ಡವಾಗಿ ದಾಟದೆ ಓರೆಯಾಗಿ ದಾಟಲು ಹೋಗಿ ಗಾಲಿ ಸಂದಿಗೆ ಇಳಿದವರು, ಬಣ್ಣ ಬಳಿಯದ ಹಂಪ್ ಕತ್ತಲಲ್ಲಿ ಕಾಣದೆ ಹಾರಿದವರು. ಬಿಸಿಲಿಗೆ ಬ್ರೇಕ್ ರಬ್ಬರ್ ಕಲ್ಲಾಗಿರುತ್ತದೆ, ಮೊದಲ ಮಳೆಯ ದಿನ ಅದು ರಿಮ್ಮನ್ನು ಹಿಡಿಯುವುದಿಲ್ಲ. ಎರಡೂ ಕಡೆಯದನ್ನು ಜೂನ್ ಬರುವ ಮೊದಲೇ ಬದಲಿಸಿಕೊಳ್ಳಿ, ಹೆಚ್ಚಿನ ಖರ್ಚಿಲ್ಲ. ಎರೆಮಣ್ಣು ಕಂಡಾಗ ಬ್ರೇಕ್ ಒತ್ತುವುದು, ಹ್ಯಾಂಡಲ್ ತಿರುಗಿಸುವುದು ಎರಡೂ ತಪ್ಪು. ಮಣ್ಣಿಗೆ ಮುಂಚೆಯೇ ವೇಗ ಇಳಿಸಿ, ಹ್ಯಾಂಡಲ್ ನೇರವಾಗಿ ಹಿಡಿದು, ಪೆಡಲು ತುಳಿಯದೆ ದಾಟಿಸಬೇಕು. ತಿರುವಿನಲ್ಲೇ ಮಣ್ಣಿದ್ದರೆ ಇಳಿದು ನಡೆಯಿರಿ. ಆಳಂದದ ಕಾಕಾ, ಮುಂದಿನ ಸಲ ಊರಿಗೆ ಬಂದಾಗ ನಿಮ್ಮ ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿಗೆ ಕೆಂಪು ರಿಫ್ಲೆಕ್ಟರನ್ನು ನಾನೇ ಹಾಕಿಕೊಡುತ್ತೇನೆ, ಅದಕ್ಕೆ ರುಮಾಲು ಅಡ್ಡ ಬರುವುದಿಲ್ಲ.

ಜೇವರ್ಗಿ ರಸ್ತೆಯವ

ಎಲ್ಲರಿಗೂ ಕೃತಜ್ಞತೆಗಳು. ಸಿಸ್ಟರ್ ಬರೆದದ್ದನ್ನು ಹೆಂಡತಿಗೆ ಓದಿ ಹೇಳಿದೆ, ಹೇಳಬಾರದಿತ್ತು. ಎರಡು ದಿನ ನನ್ನ ಕಣ್ಣಿನ ಪಾಪೆಗಳನ್ನು ಟಾರ್ಚ್ ಹಿಡಿದು ನೋಡಿದಳು. ಆದರೆ ಸೈಕಲ್ ಮಾರುವ ಮಾತು ಸದ್ಯಕ್ಕೆ ನಿಂತಿದೆ. ಸೋದರಮಾವನಿಗೆ ಮೇಷ್ಟ್ರ ಮೊಟ್ಟೆಯ ಪ್ರಯೋಗವನ್ನು ವಿವರಿಸಿದೆ, ಅವರು ಮೊಟ್ಟೆ ಮುಟ್ಟುವವರಲ್ಲವಾದ್ದರಿಂದ ಅಷ್ಟೇನೂ ತಟ್ಟಲಿಲ್ಲ.

ಆಳಂದದವರ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಆ ತಿರುವಿನಲ್ಲಿ ಇಂದಿಗೂ ಮಣ್ಣು ಹಾಗೆಯೇ ಬಿದ್ದಿದೆ. ಅದನ್ನು ತೆಗೆಯಿಸಬೇಕೆಂದು ಸಂಬಂಧಪಟ್ಟವರಿಗೆ ಅರ್ಜಿ ಬರೆದಿದ್ದೇನೆ, ನಾನೂ ಕಚೇರಿಯವನೇ ಆದ್ದರಿಂದ ಅರ್ಜಿಯ ಗತಿ ನನಗೆ ಗೊತ್ತು. ಮೊನ್ನೆ ಹಾಲಿನ ಹುಡುಗನೂ ಸಿಕ್ಕಿದ್ದ. ನನಗಿಂತ ಮೊದಲೂ ಅಲ್ಲಿ ಇಬ್ಬರು ಬಿದ್ದಿದ್ದರಂತೆ.

ಮಗನ ತಲೆ 54 ಸೆಂಟಿಮೀಟರ್, ನನ್ನದು 57. ಗೆಳೆಯರು ಕಲ್ಲಂಗಡಿ ಎಂದು ಕರೆಯುತ್ತಾರೆ ಎಂಬುದು ಅವನ ಆಕ್ಷೇಪ, ಬಣ್ಣವನ್ನು ಅವನೇ ಆರಿಸಲಿ, ಹಸಿರೊಂದನ್ನು ಬಿಟ್ಟು, ಎಂದು ಒಪ್ಪಂದವಾಗಿದೆ. ಹೊಲಿಗೆಯ ಗಾಯ ಇನ್ನೂ ಪೂರ್ತಿ ಮಾದಿಲ್ಲ, ಹಿಂದಿನ ತಿರುಗುಗುಂಡಿಯ ಪಟ್ಟಿ ಅಲ್ಲಿ ಒತ್ತೀತು ಎಂಬ ಭಯವಿದೆ. ಅಂಗಡಿಯವರೇ, ಗಾಯ ಮಾಯುವವರೆಗೆ ನಾನು ಕಾಯುತ್ತೇನೆ, ಮಗನನ್ನು ಮಾತ್ರ ಈ ಭಾನುವಾರ ಕರೆತರುತ್ತೇನೆ. ಅಂದು ಅಂಗಡಿ ತೆರೆದಿರುತ್ತದೆಯೇ?

ಸೈಕಲ್ ಟ್ಯಾಕ್ಸಿಯ ಮಗ

ಮಧ್ಯಾಹ್ನ ಒಂದರವರೆಗೆ ತೆರೆದಿರುತ್ತದೆ ಸರ್. ಬರುವಾಗ ನಿಮ್ಮ ಸೈಕಲ್ಲನ್ನೂ ತನ್ನಿ. ಅಷ್ಟು ಜೋರಾಗಿ ಬಿದ್ದ ಮೇಲೆ ಮುಂದಿನ ಫೋರ್ಕ್ ನೇರವಾಗಿದೆಯೇ ಎಂದು ಯಾರೂ ನೋಡಿದಂತೆ ಕಾಣುವುದಿಲ್ಲ.